ಕೊಲೆಸ್ಟ್ರಾಲ್ ಮಾತ್ರೆಯಿಂದ ಮೂಳೆ ಟೊಳ್ಳಾಗುತ್ತಾ? ಅಮ್ಮ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ

ಸುಮಾ, ಶಿರಸಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 63 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಆಗಿನಿಂದ ರಾತ್ರಿ ಊಟ ಆದಮೇಲೆ ಅಟೊರ್ವಾಸ್ಟಾಟಿನ್ 40 ಅನ್ನುವ ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುತ್ತಿದ್ದರು. ಈಚೆಗೆ ಬೆನ್ನು ನೋವು ಜಾಸ್ತಿಯಾಯಿತು ಅಂತ ತೋರಿಸಿದಾಗ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಅಂದರು. ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 2.7 ಬಂದಿದೆ, ಅಂದರೆ ಆಸ್ಟಿಯೊಪೊರೋಸಿಸ್, ಮೂಳೆ ಟೊಳ್ಳಾಗುವ ಕಾಯಿಲೆ ಅಂತೆ. ಅದೇ ಹೊತ್ತಿಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ಕೊಲೆಸ್ಟ್ರಾಲ್ ಮಾತ್ರೆ ಮೂಳೆಯನ್ನು ಟೊಳ್ಳು ಮಾಡುತ್ತದೆ, ವಿಯೆನ್ನಾದಲ್ಲಿ ಲಕ್ಷಗಟ್ಟಲೆ ಜನರ ಮೇಲೆ ಸಾಬೀತಾಗಿದೆ, ಡಾಕ್ಟರುಗಳು ಮುಚ್ಚಿಡುತ್ತಾರೆ ಅಂತೆಲ್ಲ. ಅಮ್ಮ ಅದನ್ನು ಓದಿದವರೇ ಮಾತ್ರೆ ನಿಲ್ಲಿಸಿದರು. "ಹೃದಯ ಉಳಿಸಿಕೊಳ್ಳೋಕೆ ಹೋಗಿ ಸೊಂಟ ಮುರ್ಕೊಂಡು ಮಲಗಲಾ?" ಅಂತ ಕೇಳುತ್ತಾರೆ.

ಆ ವಿಯೆನ್ನಾ ಅಧ್ಯಯನ ನಿಜವಾಗಿಯೂ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ. ಡಾಕ್ಟರ್ ಹತ್ತಿರ ಹೋಗೋಕೂ ಅಮ್ಮ ಒಪ್ಪುತ್ತಿಲ್ಲ.

ರಾಜಣ್ಣ, ಮೈಸೂರು

ಸುಮಾ ಅವರೇ, ನಿಮ್ಮ ಅಮ್ಮನ ಭಯ ನನಗೆ ಅರ್ಥವಾಗುತ್ತದೆ. ನನಗೆ 68. ಅದೇ ಜಾತಿಯ ರೊಸುವಾಸ್ಟಾಟಿನ್ 20 ಶುರು ಮಾಡಿದ ಮೇಲೆ ತೊಡೆ, ಮೀನಖಂಡ ಎಲ್ಲ ನೋವು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕು. ಮೂಳೆಗೆ ತೊಂದರೆ ಮಾಡದಿದ್ದರೂ ಕಾಲಿಗೆ ಬಲ ಇಲ್ಲದೆ ಬಿದ್ದರೆ ಮುರಿಯುವುದು ಮೂಳೆಯೇ ಅಲ್ವಾ? ಈ ಮಾತ್ರೆಗಳನ್ನು ಎಲ್ಲರಿಗೂ ಬರೆದು ಕೊಡುವುದು ಈಗ ಅಭ್ಯಾಸ ಆಗಿಹೋಗಿದೆ. ಸ್ವಲ್ಪ ದಿನ ಬಿಟ್ಟು ನೋಡಲಿ.

ಗೀತಾ, ಹಾಸನ

ರಾಜಣ್ಣನವರೇ, ಬೇರೆ ಯಾರಿಗಾದರೂ ಹೇಳಿ, ಸ್ಟೆಂಟ್ ಹಾಕಿಸಿಕೊಂಡವರಿಗೆ ಮಾತ್ರ "ಬಿಟ್ಟು ನೋಡಿ" ಅನ್ನಬೇಡಿ. ಸುಮಾ, ಮೊದಲು ಅಮ್ಮನ ಕಾರ್ಡಿಯಾಲಜಿ ಡಾಕ್ಟರಿಗೆ ಫೋನ್ ಮಾಡಿ ನಿಲ್ಲಿಸಿದ ವಿಷಯ ತಿಳಿಸಿ. ಉಳಿದದ್ದು ಆಮೇಲೆ ಮಾತಾಡೋಣ. ನಾನು ಮೂಳೆ ವಾರ್ಡಿನಲ್ಲಿ ಸ್ಟಾಫ್ ನರ್ಸ್.

ಮೇಷ್ಟ್ರು, ದಾವಣಗೆರೆ

ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಮಾಡುತ್ತೇನೆ. ಡಾಕ್ಟರ್ ಅಲ್ಲ. ಗೀತಾ ಅವರು ಹೇಳಿದ್ದೇ ಮೊದಲ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಅಮ್ಮನಿಗೆ ಓದಿ ಹೇಳಿ.

ವಿಯೆನ್ನಾ ಅಧ್ಯಯನ ಇದೆ, ಸುಳ್ಳಲ್ಲ. 2019ರಲ್ಲಿ ಬಂತು. ಆಸ್ಟ್ರಿಯಾ ದೇಶದ ಸುಮಾರು 79 ಲಕ್ಷ ಜನರ ಆರೋಗ್ಯ ವಿಮೆಯ ದಾಖಲೆಗಳನ್ನು ತೆಗೆದುಕೊಂಡರು. ಅವೂ 2006-07ರ ದಾಖಲೆಗಳು. ಅವರಲ್ಲಿ ಸ್ಟಾಟಿನ್, ಅಂದರೆ ಅಮ್ಮನ ಅಟೊರ್ವಾಸ್ಟಾಟಿನ್ ಜಾತಿಯ ಕೊಲೆಸ್ಟ್ರಾಲ್ ಮಾತ್ರೆ, ತಗೊಳ್ಳುತ್ತಿದ್ದವರು ಸುಮಾರು 3.5 ಲಕ್ಷ. ಅವರಲ್ಲಿ ಎಷ್ಟು ಜನಕ್ಕೆ ಆಸ್ಟಿಯೊಪೊರೋಸಿಸ್ ಅಂತ ಬರೆದಿದೆ, ಸ್ಟಾಟಿನ್ ತಗೊಳ್ಳದವರಲ್ಲಿ ಎಷ್ಟು ಅಂತ ಹೋಲಿಸಿದರು. ಸಿಕ್ಕಿದ್ದು ಎರಡು ವಿಷಯ. ಹೆಚ್ಚು ಡೋಸ್ ತಗೊಳ್ಳುವವರಲ್ಲಿ ಆಸ್ಟಿಯೊಪೊರೋಸಿಸ್ ಜಾಸ್ತಿ ಇತ್ತು. ಸಿಮ್ವಾಸ್ಟಾಟಿನ್ 40ಕ್ಕಿಂತ ಮೇಲೆ, ಅಟೊರ್ವಾಸ್ಟಾಟಿನ್ ಮತ್ತು ರೊಸುವಾಸ್ಟಾಟಿನ್ 20ಕ್ಕಿಂತ ಮೇಲೆ ತಗೊಳ್ಳುವವರಲ್ಲಿ ಒಂದೂವರೆಯಿಂದ ಎರಡು ಪಟ್ಟು. ಕಡಿಮೆ ಡೋಸಿನವರಲ್ಲಿ, ಉದಾಹರಣೆಗೆ ಸಿಮ್ವಾಸ್ಟಾಟಿನ್ 10 ಮತ್ತು ಅದಕ್ಕಿಂತ ಕಡಿಮೆ, ಸ್ಟಾಟಿನ್ ಇಲ್ಲದವರಿಗಿಂತಲೂ ಕಡಿಮೆ ಇತ್ತು. ಈ ಎರಡನೆಯದನ್ನು ಫಾರ್ವರ್ಡ್ ಮಾಡುವವರು ಬಿಟ್ಟುಬಿಡುತ್ತಾರೆ.

ಅಮ್ಮನ ಡೋಸ್ 40, ಹಾಗಾದರೆ ಭಯ ನಿಜವೇ ಅಲ್ವಾ ಅಂತ ಕೇಳಬಹುದು. ಹೆಚ್ಚು ಡೋಸ್ ಯಾರಿಗೆ ಕೊಡುತ್ತಾರೆ ನೋಡಿ. ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ. ಅವರಲ್ಲಿ ಎಷ್ಟೋ ಜನ ಹೆಚ್ಚು ಓಡಾಡುವುದಿಲ್ಲ, ಬಿಸಿಲಿಗೆ ಬರುವುದಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಬೊಜ್ಜು ಇಂಥವನ್ನು ಆ ಸಂಶೋಧಕರು ಲೆಕ್ಕಕ್ಕೆ ತಗೊಂಡಿದ್ದಾರೆ. ಆದರೆ ಒಬ್ಬರು ದಿನಕ್ಕೆ ಎಷ್ಟು ನಡೆಯುತ್ತಿದ್ದರು, ಏನು ಉಣ್ಣುತ್ತಿದ್ದರು ಅನ್ನುವುದು ವಿಮೆಯ ಬಿಲ್ಲಿನಲ್ಲಿ ಸಿಗುವುದಿಲ್ಲ. ಆಸ್ಪತ್ರೆಗೆ ಪದೇ ಪದೇ ಹೋಗುವವರಿಗೆ ಪರೀಕ್ಷೆಗಳೂ ಜಾಸ್ತಿ ಆಗುತ್ತವೆ, ಹಾಗಾಗಿ ಕಾಯಿಲೆ ಪತ್ತೆಯಾಗುವುದೂ ಜಾಸ್ತಿ. ಇನ್ನೊಂದು ಮಾತು. ಅವರು ನೋಡಿದ್ದು ಕಾಯಿಲೆ ಅಂತ ಬರೆದಿದೆಯೇ ಅನ್ನುವುದನ್ನು, ಮೂಳೆ ಮುರಿದದ್ದನ್ನಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಗೋಜಲು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಕುಸಿಯುತ್ತದೆ. ಅದೇ ಕಾರಣಕ್ಕೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಅದೇ ಕಾರಣಕ್ಕೆ ಮೂಳೆ ಸಾಂದ್ರತೆ ಇಳಿಯುತ್ತದೆ. 55-60ರ ವಯಸ್ಸಿನಲ್ಲಿ ಒಬ್ಬರೇ ಹೆಂಗಸಿಗೆ ಒಂದು ಕಡೆ ಕೊಲೆಸ್ಟ್ರಾಲ್ ಮಾತ್ರೆ, ಇನ್ನೊಂದು ಕಡೆ ಆಸ್ಟಿಯೊಪೊರೋಸಿಸ್ ಅಂತ ವರದಿ. ಮಾತ್ರೆಗೂ ಮೂಳೆಗೂ ಏನೇನೂ ಸಂಬಂಧ ಇಲ್ಲದಿದ್ದರೂ ಎರಡೂ ಜೊತೆಯಲ್ಲೇ ಕಾಣಿಸಿಕೊಳ್ಳುತ್ತವೆ. ನಿಮ್ಮ ಅಮ್ಮನ ವಿಷಯದಲ್ಲಿ ಇದನ್ನು ಮೊದಲು ಯೋಚಿಸಬೇಕು.

ಸುಮಾ, ಶಿರಸಿ

ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ಗೀತಕ್ಕ, ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತೇ ಮತ್ತೆ ಶುರು ಮಾಡಿ, ಬಂದು ಕಾಣಿ ಅಂದರು. ಅಮ್ಮ ಇನ್ನೂ ಹಟ ಹಿಡಿದಿದ್ದಾರೆ. ಒಂದು ಪ್ರಶ್ನೆ. ದಾಖಲೆ ನೋಡಿ ಹೇಳುವುದು ಬಿಟ್ಟು, ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಸುಮ್ನೆ ಡಮ್ಮಿ ಮಾತ್ರೆ ಕೊಟ್ಟು ನೋಡಿಲ್ಲವಾ ಯಾರೂ?

ಮೇಷ್ಟ್ರು, ದಾವಣಗೆರೆ

ನೋಡಿದ್ದಾರೆ. ಅಮ್ಮನಿಗೆ ತೋರಿಸಬೇಕಾದದ್ದು ಇದನ್ನೇ.

ಜುಪಿಟರ್ ಅಂತ ಒಂದು ದೊಡ್ಡ ಪ್ರಯೋಗ. 17,802 ಜನ. ಅರ್ಧ ಜನಕ್ಕೆ ರೊಸುವಾಸ್ಟಾಟಿನ್ 20, ಅರ್ಧ ಜನಕ್ಕೆ ಡಮ್ಮಿ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮೂಳೆ ಮುರಿದುಕೊಂಡವರನ್ನು ಎಣಿಸಿ 2015ರಲ್ಲಿ ಪ್ರಕಟಿಸಿದರು. ಮಾತ್ರೆ ತಗೊಂಡವರಲ್ಲಿ 221, ಡಮ್ಮಿಯವರಲ್ಲಿ 210. ಅಷ್ಟು ಜನರಲ್ಲಿ ಆ ವ್ಯತ್ಯಾಸ ವ್ಯತ್ಯಾಸವೇ ಅಲ್ಲ. ಇದರಿಂದ ಮೂಳೆ ಗಟ್ಟಿಯೂ ಆಗಲಿಲ್ಲ, ಹಾಳೂ ಆಗಲಿಲ್ಲ.

ಅಮ್ಮನಿಗೆ ಇನ್ನೂ ಹತ್ತಿರದ್ದು ಒಂದಿದೆ. 2007ರಲ್ಲಿ ಪ್ರಕಟವಾದದ್ದು. ಮುಟ್ಟು ನಿಂತ 626 ಹೆಂಗಸರಿಗೆ ಅಟೊರ್ವಾಸ್ಟಾಟಿನ್ 10, 20, 40, 80 ಅಥವಾ ಡಮ್ಮಿ ಮಾತ್ರೆ ಒಂದು ವರ್ಷ ಕೊಟ್ಟು ಮೂಳೆ ಸಾಂದ್ರತೆ ಅಳೆದರು. ಯಾವ ಡೋಸಿನಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. 80ರಲ್ಲೂ ಇಲ್ಲ. ಒಂದು ವರ್ಷ ಚಿಕ್ಕ ಅವಧಿ, ಒಪ್ಪುತ್ತೇನೆ. ಆದರೆ ಮೆಸೇಜಿನಲ್ಲಿ ಹೇಳಿದ ಹಾಗೆ ಮಾತ್ರೆ ಮೂಳೆಯನ್ನು ತಿಂದು ಹಾಕುವಂತಿದ್ದರೆ 80 ಮಿಲಿಗ್ರಾಮಿನವರಲ್ಲಿ ಏನಾದರೂ ಸುಳಿವು ಸಿಗಬೇಕಿತ್ತು.

ಇಂಚರಾ, ಬೆಂಗಳೂರು

ನಾನು ಬಿ.ಫಾರ್ಮ್ ಓದುತ್ತಿದ್ದೇನೆ. ಸ್ಟಾಟಿನ್ ಮೂಳೆಗೆ ಒಳ್ಳೆಯದು ಅಂತ ಕ್ಲಾಸಿನಲ್ಲಿ ಕೇಳಿದ ನೆನಪು. ಇಲ್ಲಿ ನೋಡಿದರೆ ಕೆಟ್ಟದ್ದು ಅನ್ನುವ ಚರ್ಚೆ. ಎರಡೂ ಹೇಗೆ?

ಮೇಷ್ಟ್ರು, ದಾವಣಗೆರೆ

ಇಂಚರಾ, ಒಳ್ಳೇ ಪ್ರಶ್ನೆ ಮಗಳೇ. ಈ ಕತೆ ಶುರುವಾಗಿದ್ದೇ ಒಳ್ಳೆಯದು ಅನ್ನುವಲ್ಲಿಂದ.

1999ರ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಗ್ರೆಗರಿ ಮಂಡಿ ಅವರ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಮೂಳೆ ಕಟ್ಟುವ ಔಷಧಿ ಸಿಗುತ್ತದಾ ಅಂತ ಅವರು ಸಾವಿರಾರು ರಾಸಾಯನಿಕಗಳನ್ನು ಹುಡುಕುತ್ತಿದ್ದರು. ಸ್ಟಾಟಿನ್ ಕೊಟ್ಟಾಗ ಮೂಳೆ ಕಟ್ಟಲು ಪ್ರೇರಿಸುವ ಬಿಎಂಪಿ-2 ಅನ್ನುವ ಪ್ರೋಟೀನು ಜಾಸ್ತಿಯಾಯಿತು. ಇಲಿಗಳ ತಲೆಬುರುಡೆಯ ಮೇಲೆ, ಚರ್ಮದ ಕೆಳಗೆ ಚುಚ್ಚಿದಾಗ ಅಲ್ಲಿ ಹೊಸ ಮೂಳೆ ಬೆಳೆಯಿತು. ಆಗ ಎಲ್ಲರಿಗೂ ಖುಷಿಯೋ ಖುಷಿ. ಒಂದೇ ಮಾತ್ರೆಯಲ್ಲಿ ಹೃದಯವೂ ಉಳಿಯಿತು, ಸೊಂಟವೂ ಉಳಿಯಿತು ಅಂತ. 2000ದಲ್ಲಿ ಬಂದ ಕೆಲವು ಅಧ್ಯಯನಗಳೂ ಸ್ಟಾಟಿನ್ ತಗೊಳ್ಳುವವರಲ್ಲಿ ಮೂಳೆ ಮುರಿತ ಹೆಚ್ಚುಕಡಿಮೆ ಅರ್ಧಕ್ಕರ್ಧ ಕಡಿಮೆ ಅಂದವು. ಅವುಗಳಲ್ಲಿ ಒಂದು ಬ್ರಿಟನ್ನಿನ ಡಾಕ್ಟರುಗಳ ದಾಖಲೆ ಭಂಡಾರದಿಂದ ಮಾಡಿದ್ದು. ಮರುವರ್ಷ ಅದೇ ಭಂಡಾರವನ್ನು ಬೇರೆಯವರು ಬೇರೆ ರೀತಿ ಜಾಲಾಡಿದರು. ಏನೂ ವ್ಯತ್ಯಾಸ ಇಲ್ಲ ಅಂತ ಬಂತು! ಒಂದೇ ದಾಖಲೆ, ಎರಡು ಉತ್ತರ. ವರ್ಷಾನುಗಟ್ಟಲೆ ತಪ್ಪದೆ ಮಾತ್ರೆ ತಗೊಳ್ಳುವ ಜನ ಸಾಮಾನ್ಯವಾಗಿ ಉಳಿದ ವಿಷಯದಲ್ಲೂ ಜೋಪಾನವಾಗಿರುತ್ತಾರೆ. ಅದು ಲೆಕ್ಕವನ್ನು ಒಂದು ಕಡೆಗೆ ವಾಲಿಸುತ್ತದೆ. ವಿಯೆನ್ನಾದಲ್ಲಿ ಹೆಚ್ಚು ಡೋಸಿನವರ ಕಾಯಿಲೆ ಇನ್ನೊಂದು ಕಡೆಗೆ ವಾಲಿಸಿರಬಹುದು.

ಇಲಿಗೆ ಆದದ್ದು ನಮಗೇಕೆ ಆಗಲಿಲ್ಲ ಅಂದರೆ, ನಾವು ನುಂಗಿದ ಸ್ಟಾಟಿನ್‌ನಲ್ಲಿ ಬಹುಪಾಲನ್ನು ಲಿವರ್ ಹಿಡಿದುಕೊಳ್ಳುತ್ತದೆ. ಕೊಲೆಸ್ಟ್ರಾಲ್ ತಯಾರಾಗುವುದೇ ಹೆಚ್ಚಾಗಿ ಅಲ್ಲಿ, ಹಾಗಾಗಿ ಅದು ಅಲ್ಲೇ ಇರಬೇಕು. ಮೂಳೆಯ ತನಕ ತಲುಪುವುದು ಬಹಳ ಸ್ವಲ್ಪ. ಮೂಳೆ ಕಟ್ಟುವುದಕ್ಕೂ ಸಾಲದು, ಕೆಡಿಸುವುದಕ್ಕೂ ಸಾಲದು ಅನ್ನುವುದು ನನ್ನ ಅಭಿಪ್ರಾಯ.

ಪರೀಕ್ಷೆಗೆ ಬರುವುದಿಲ್ಲ, ಆದರೂ ತಿಳಿದಿರಲಿ. ಮೈಯಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ಮೆವಲೊನೇಟ್ ದಾರಿಯನ್ನು ಒಂದು ಕಾಲುವೆ ಅಂದುಕೊಂಡರೆ ಸ್ಟಾಟಿನ್ ಅದರ ಮೇಲಿನ ತೂಬು ಮುಚ್ಚುತ್ತದೆ. ಆಸ್ಟಿಯೊಪೊರೋಸಿಸ್‌ಗೆ ಕೊಡುವ ಅಲೆಂಡ್ರೊನೇಟ್, ಜೊಲೆಡ್ರೊನೇಟ್ ಅದೇ ಕಾಲುವೆಯ ಕೆಳಗಿನ ತೂಬು ಮುಚ್ಚುತ್ತವೆ. ಅವು ಲಿವರಿಗೆ ಹೋಗದೆ ನೇರ ಮೂಳೆಗೆ ಅಂಟಿಕೊಳ್ಳುತ್ತವೆ. ಅದಕ್ಕೇ ಅವು ಮೂಳೆಯ ಔಷಧಿ, ಇದು ಕೊಲೆಸ್ಟ್ರಾಲಿನ ಔಷಧಿ.

ರಾಜಣ್ಣ, ಮೈಸೂರು

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಆದರೆ ನನ್ನ ಕಾಲು ನೋವಿಗೆ ಉತ್ತರ ಸಿಗಲಿಲ್ಲ. ಇನ್ನೊಂದು, ಚರ್ಮದಲ್ಲಿ ವಿಟಮಿನ್ ಡಿ ಆಗುವುದು ಕೊಲೆಸ್ಟ್ರಾಲಿನ ಸಂಬಂಧಿ ವಸ್ತುವಿನಿಂದ ಅಂತ ಓದಿದ್ದೇನೆ. ಕೊಲೆಸ್ಟ್ರಾಲ್ ಇಳಿಸಿದರೆ ವಿಟಮಿನ್ ಡಿ ಇಳಿಯಬೇಕಲ್ವಾ?

ಮೇಷ್ಟ್ರು, ದಾವಣಗೆರೆ

ಕೇಳಿದರೆ ಹೌದು ಅನ್ನಿಸುತ್ತದೆ. ಆದರೆ ಸ್ಟಾಟಿನ್‌ನಿಂದ ವಿಟಮಿನ್ ಡಿ ಕುಸಿಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ನಮ್ಮ ದೇಶದಲ್ಲಿ ಇಷ್ಟು ಬಿಸಿಲಿದ್ದೂ ವಿಟಮಿನ್ ಡಿ ಕೊರತೆ ಬೇಕಾದಷ್ಟಿದೆ, ಅದು ಮಾತ್ರೆ ತಗೊಳ್ಳದವರಲ್ಲೂ ಇದೆ.

ಸ್ನಾಯು ನೋವು ಸುಳ್ಳು ಅಂತ ನಾನು ಹೇಳುವುದಿಲ್ಲ. ನೋವು ನಿಮ್ಮದು, ನಿಮಗೇ ಗೊತ್ತು. ಆದರೆ ಲಂಡನ್ನಿನಲ್ಲಿ ನಡೆದ ಒಂದು ಪ್ರಯೋಗ ಕೇಳಿ. ನೋವು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಡಮ್ಮಿ, ಕೆಲವು ತಿಂಗಳು ಏನೂ ಇಲ್ಲ. ದಿನಾ ಫೋನಿನಲ್ಲಿ ನೋವಿಗೆ ಅಂಕ ಕೊಡಬೇಕು. 2020ರಲ್ಲಿ ಫಲಿತಾಂಶ ಬಂತು. ಸ್ಟಾಟಿನ್ ತಗೊಂಡಾಗ ಆದ ತೊಂದರೆಯಲ್ಲಿ ನೂರಕ್ಕೆ 90 ಭಾಗ ಡಮ್ಮಿ ಮಾತ್ರೆಯಲ್ಲೂ ಆಗಿತ್ತು. ನೋವು ಆದದ್ದು ನಿಜ, ಕಾರಣ ಮಾತ್ರ ಬಹುಪಾಲು ಸ್ಟಾಟಿನ್ ಆಗಿರಲಿಲ್ಲ. ಇದರ ಅರ್ಥ ನಿಮ್ಮದೂ ಹಾಗೆಯೇ ಅಂತಲ್ಲ. ಕೆಲವರಿಗೆ ನಿಜವಾಗಿಯೂ ಸ್ನಾಯುವಿಗೆ ಪೆಟ್ಟು ಬೀಳುತ್ತದೆ. ಸಿಕೆ ಅನ್ನುವ ರಕ್ತ ಪರೀಕ್ಷೆ ಮಾಡಿಸಿ. ಜೊತೆಗೆ ಥೈರಾಯ್ಡ್, ವಿಟಮಿನ್ ಡಿ ನೋಡಿಸಿ, ಯಾವುದು ಕಡಿಮೆ ಇದ್ದರೂ ಮೈಕೈ ನೋವು ಬರಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಲ್ಲದಿದ್ದರೆ ಡೋಸ್ ಇಳಿಸುವುದು, ಬೇರೆ ಸ್ಟಾಟಿನ್‌ಗೆ ಬದಲಿಸುವುದು, ಎಜೆಟಿಮೈಬ್ ಅನ್ನುವ ಬೇರೆ ಬಗೆಯ ಕೊಲೆಸ್ಟ್ರಾಲ್ ಮಾತ್ರೆ ಸೇರಿಸುವುದು, ಹೀಗೆ ದಾರಿಗಳಿವೆ. ಅದನ್ನು ಡಾಕ್ಟರ್ ಜೊತೆ ಕೂತು ಮಾಡಿ.

ಗೀತಾ, ಹಾಸನ

ರಾತ್ರಿ ಪಾಳಿ ಮುಗಿಸಿ ಬಂದೆ. ನಾನು ದಿನಾ ಕಾಣುವುದನ್ನು ಹೇಳುತ್ತೇನೆ.

ಸೊಂಟದ ಹತ್ತಿರ ತೊಡೆ ಮೂಳೆ ಮುರಿದುಕೊಂಡು ಬರುವ ಅಜ್ಜಿಯರನ್ನು ಸ್ಟ್ರೆಚರ್ ಮೇಲೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ಕಾಲು ಗಿಡ್ಡ ಆಗಿರುತ್ತದೆ, ಪಾದ ಹೊರಗಡೆಗೆ ಹೊರಳಿರುತ್ತದೆ. ಹೇಗಾಯ್ತು ಅಜ್ಜಿ ಅಂದರೆ ಎಷ್ಟೋ ಸಲ ಒಂದೇ ಉತ್ತರ. ರಾತ್ರಿ ಬಚ್ಚಲಿಗೆ ಎದ್ದೆ, ಕಾಲು ಜಾರಿತು. ಕತ್ತಲು, ಒದ್ದೆ ನೆಲ, ಹವಾಯಿ ಚಪ್ಪಲಿ. ಜೊತೆಗೆ ಬಂದವರು ಮಾತ್ರೆಗಳ ಪ್ಲಾಸ್ಟಿಕ್ ಕವರ್ ಕೊಡುತ್ತಾರೆ. ನಾನು ಅದನ್ನು ಮೇಜಿನ ಮೇಲೆ ಸುರಿದು ಒಂದೊಂದೇ ಪಟ್ಟಿ ನೋಡಿ ಬರೆದುಕೊಳ್ಳಬೇಕು. ಅದರಲ್ಲಿ ಕೊಲೆಸ್ಟ್ರಾಲ್ ಮಾತ್ರೆ ಇರಬಹುದು. ಆದರೆ ನಾನು ಹುಡುಕುವುದು ಬೇರೆಯವನ್ನು. ನಿದ್ದೆ ಮಾತ್ರೆ. ಎದ್ದು ನಿಂತರೆ ತಲೆ ತಿರುಗಿಸುವ ಬಿಪಿ ಮಾತ್ರೆ. ಯಾವಾಗಲೋ ಗ್ಯಾಸ್‌ಗೆ ಅಂತ ಕೊಟ್ಟ ಪ್ಯಾಂಟೊಪ್ರಜೋಲ್, ಯಾರೂ ನಿಲ್ಲಿಸಿ ಅಂತ ಹೇಳದೆ ವರ್ಷಾನುಗಟ್ಟಲೆ ನಡೆಯುತ್ತಿರುತ್ತದೆ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್. ಮಂಡಿ ನೋವಿಗೆ ಅಂತ ಯಾರೋ ಕಟ್ಟಿಕೊಟ್ಟ ಹೆಸರಿಲ್ಲದ ಪೊಟ್ಟಣ, ಅದರಲ್ಲೂ ಕೆಲವು ಸಲ ಸ್ಟೀರಾಯ್ಡೇ ಇರುತ್ತದೆ, ತಗೊಂಡವರಿಗೆ ಗೊತ್ತೇ ಇರುವುದಿಲ್ಲ. ಮೂಳೆಯನ್ನು ಖಂಡಿತ ತಿನ್ನುವುದು ಸ್ಟೀರಾಯ್ಡ್. ಅದರ ಬಗ್ಗೆ ಯಾರೂ ಮೆಸೇಜ್ ಕಳಿಸುವುದಿಲ್ಲ ಅನ್ನುವುದೇ ನನಗೆ ಸಂಕಟ.

ಸುಮಾ, ಅಮ್ಮ ಬೇರೆ ಏನೇನು ತಗೊಳ್ಳುತ್ತಾರೆ? ಪೂರ್ತಿ ಪಟ್ಟಿ ಹಾಕಿ. ಥೈರಾಯ್ಡ್ ಇದೆಯಾ?

ಸುಮಾ, ಶಿರಸಿ

ಇದೆ ಗೀತಕ್ಕ. ಥೈರಾಕ್ಸಿನ್ 100. ಬಹಳ ವರ್ಷದಿಂದ ಅದೇ ಡೋಸ್. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಬಿಪಿ ಮಾತ್ರೆ, ಪ್ಯಾಂಟೊಪ್ರಜೋಲ್. ಸ್ಟೀರಾಯ್ಡ್ ಇಲ್ಲ. ಥೈರಾಯ್ಡ್ ನೋಡುವ ಟಿಎಸ್ಎಚ್ ಪರೀಕ್ಷೆ ಮಾಡಿಸಿ ಕಾಲ ಆಯಿತು.

ಗೀತಾ, ಹಾಸನ

ಅದನ್ನು ಈ ವಾರವೇ ಮಾಡಿಸಿ. ವಯಸ್ಸಾಗುತ್ತಾ ತೂಕ ಇಳಿದರೆ ಹಳೇ ಡೋಸ್ ಜಾಸ್ತಿಯಾಗಿರಬಹುದು. ಥೈರಾಕ್ಸಿನ್ ಜಾಸ್ತಿಯಾದರೆ ಮೂಳೆ ನಿಜವಾಗಿಯೂ ಸವೆಯುತ್ತದೆ, ಎದೆ ಬಡಿತವೂ ಏರುತ್ತದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಪ್ಯಾಂಟೊಪ್ರಜೋಲ್ ಕೊಡುವುದು ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲಿ ಅಂತ, ಹಾಗಾಗಿ ಅದನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಮೇಷ್ಟ್ರು, ದಾವಣಗೆರೆ

ಗೀತಾ ಅವರ ಪಟ್ಟಿಗೆ ಸೇರಿಸುತ್ತೇನೆ. ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್, ಸ್ತನ ಕ್ಯಾನ್ಸರಿನ ನಂತರ ಕೊಡುವ ಲೆಟ್ರೊಜೋಲ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್. ಇವು ಮೂಳೆಗೆ ತೊಂದರೆ ಕೊಡುತ್ತವೆ ಅನ್ನುವುದು ಚೆನ್ನಾಗಿ ಗೊತ್ತಿರುವ ವಿಷಯ. ಕೊಲೆಸ್ಟ್ರಾಲ್ ಔಷಧಿಗಳಲ್ಲೇ ಕೊಲೆಸ್ಟೈರಮೀನ್ ಅಂತ ಹಳೆಯ ಪುಡಿ ಇದೆ, ಅದು ಕರುಳಿನಲ್ಲಿ ವಿಟಮಿನ್ ಡಿ, ವಿಟಮಿನ್ ಕೆ ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತದೆ. ಈಗ ಅದನ್ನು ಬರೆಯುವುದು ಕಡಿಮೆ.

ನಾಗರಾಜ, ಕಲಬುರಗಿ

ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲ್ ತಗೊಂಡರೆ ಆಗಲ್ವಾ? ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲ ಅಂತಾರೆ.

ಮೇಷ್ಟ್ರು, ದಾವಣಗೆರೆ

ನಾಗರಾಜ್, ಅದರಲ್ಲಿ ಕೆಲಸ ಮಾಡುವ ಮೊನಕೊಲಿನ್ ಕೆ ಮತ್ತು ಲೊವಾಸ್ಟಾಟಿನ್ ಎರಡೂ ಒಂದೇ. ಲೊವಾಸ್ಟಾಟಿನ್ 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಸ್ಟಾಟಿನ್. ಸ್ಟಾಟಿನ್‌ಗಳೂ ಹುಟ್ಟಿದ್ದು ಬೂಷ್ಟಿನಿಂದಲೇ, ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಪೆನಿಸಿಲಿಯಂ ಜಾತಿಯ ಬೂಷ್ಟಿನಲ್ಲಿ ಮೊದಲು ಕಂಡುಹಿಡಿದರು. ಮಾತ್ರೆಯಲ್ಲಿ ಎಷ್ಟಿದೆ ಅಂತ ಬರೆದಿರುತ್ತದೆ. ಆ ಕ್ಯಾಪ್ಸೂಲಿನಲ್ಲಿ ಎಷ್ಟಿದೆ ಅನ್ನುವುದಕ್ಕೆ ಭರವಸೆ ಇಲ್ಲ.

ರಾಜಣ್ಣ, ಮೈಸೂರು

ಸಿಕೆ ಪರೀಕ್ಷೆ ಮಾಡಿಸಿದೆ, ಸರಿಯಾಗಿದೆ. ವಿಟಮಿನ್ ಡಿ ಮಾತ್ರ 11, ತೀರಾ ಕಡಿಮೆ. ವಾರಕ್ಕೊಂದು 60,000 ಯೂನಿಟ್ ಸ್ಯಾಶೆ ಎಂಟು ವಾರ ಬರೆದಿದ್ದಾರೆ. ರೊಸುವಾಸ್ಟಾಟಿನ್ 10ಕ್ಕೆ ಇಳಿಸಿ ಎಜೆಟಿಮೈಬ್ ಸೇರಿಸಿದ್ದಾರೆ. ಆದರೂ ನನ್ನ ಮಾತು ಇಷ್ಟೇ, ನೋವು ಅಂದರೆ ಡಾಕ್ಟರ್ ಒಂದು ನಿಮಿಷ ಕೇಳಿಸಿಕೊಳ್ಳಬೇಕು. ಕೇಳಿಸಿಕೊಳ್ಳದಿದ್ದರೆ ಜನ ವಾಟ್ಸಾಪ್ ಮಾತು ಕೇಳುತ್ತಾರೆ.

ಗೀತಾ, ಹಾಸನ

ಅದು ನೂರಕ್ಕೆ ನೂರು ನಿಜ ರಾಜಣ್ಣನವರೇ. ಎಂಟು ವಾರ ಆದಮೇಲೆ ಸ್ಯಾಶೆ ನಿಲ್ಲಿಸಿ ಮತ್ತೆ ಕೇಳಿ. ವರ್ಷಗಟ್ಟಲೆ ವಾರ ವಾರ ತಗೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ ಅಂತ ಅಡ್ಮಿಟ್ ಆದವರನ್ನು ನೋಡಿದ್ದೇನೆ.

ಸುಮಾ, ಶಿರಸಿ

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಜುಪಿಟರ್ ಲೆಕ್ಕವನ್ನು ಅಮ್ಮನಿಗೆ ಓದಿ ಹೇಳಿದೆ. 221, 210 ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ಸುಮ್ಮನೆ ನೋಡುತ್ತಾ ಕೂತರು. ರಾತ್ರಿ ತಾವೇ ಮಾತ್ರೆ ಕೇಳಿ ತಗೊಂಡರು. ಆಮೇಲೆ ಡಾಕ್ಟರ್ ಹತ್ತಿರವೂ ಬಂದರು. ಟಿಎಸ್ಎಚ್ 0.08 ಬಂದಿದೆ, ತೀರಾ ಕಡಿಮೆ, ಗೀತಕ್ಕ ಹೇಳಿದ ಹಾಗೇ ಥೈರಾಕ್ಸಿನ್ ಜಾಸ್ತಿಯಾಗಿತ್ತು. 75ಕ್ಕೆ ಇಳಿಸಿದ್ದಾರೆ. ಸ್ಕ್ಯಾನ್ ಮೈನಸ್ 2.7 ಇರುವುದಕ್ಕೆ ಅದೊಂದೇ ಕಾರಣ ಅಲ್ಲ, ವಯಸ್ಸು, ಮುಟ್ಟು ನಿಂತದ್ದು, ಅಜ್ಜಿಗೂ ಗೂನು ಇದ್ದದ್ದು ಎಲ್ಲ ಸೇರಿದೆ ಅಂದರು. ಅಟೊರ್ವಾಸ್ಟಾಟಿನ್ 40 ಹಾಗೇ ಮುಂದುವರಿಸಿದ್ದಾರೆ. ಕೆಟ್ಟ ಕೊಲೆಸ್ಟ್ರಾಲ್ 55ಕ್ಕಿಂತ ಕೆಳಗೆ ಇರಲೇಬೇಕು ಅಂದರು. ವಾರಕ್ಕೊಂದು ಅಲೆಂಡ್ರೊನೇಟ್ 70, ಜೊತೆಗೆ ಕ್ಯಾಲ್ಸಿಯಂ ಕೊಟ್ಟಿದ್ದಾರೆ. ಥೈರಾಕ್ಸಿನ್, ಅಲೆಂಡ್ರೊನೇಟ್, ಕ್ಯಾಲ್ಸಿಯಂ, ಇಷ್ಟನ್ನು ಯಾವ ಹೊತ್ತಿಗೆ ಕೊಡುವುದು ಅಂತ ತಲೆ ಕೆಟ್ಟಿದೆ.

ಗೀತಾ, ಹಾಸನ

ಒಳ್ಳೇದಾಯ್ತು ಸುಮಾ! ಹೀಗೆ ಮಾಡಿ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ, ಭಾನುವಾರ ಅನ್ನಿ. ಅವತ್ತು ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಅಲೆಂಡ್ರೊನೇಟ್, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ. ಕಾಫಿ, ಹಾಲು ಬೇಡ. ಅಗಿಯಬಾರದು. ಅರ್ಧ ಗಂಟೆ ಮಲಗಬಾರದು, ಕೂರಲಿ ಇಲ್ಲವೇ ಅಂಗಳದಲ್ಲಿ ಓಡಾಡಲಿ. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣಾಗುತ್ತದೆ. ಅರ್ಧ ಗಂಟೆ ಆದಮೇಲೆ ಥೈರಾಕ್ಸಿನ್, ಅದಾಗಿ ಇನ್ನೊಂದು ಅರ್ಧ ಗಂಟೆಗೆ ಕಾಫಿ ತಿಂಡಿ. ಉಳಿದ ದಿನ ಎದ್ದ ಕೂಡಲೇ ಥೈರಾಕ್ಸಿನ್. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ, ಥೈರಾಕ್ಸಿನ್‌ಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲೇಬೇಕು. ಅಟೊರ್ವಾಸ್ಟಾಟಿನ್ ರಾತ್ರಿ ಈಗಿನ ಹಾಗೇ.

ರಾಗಿ ಬಳಸುತ್ತೀರಾ? ನಿಮ್ಮ ಕಡೆ ಕಡಿಮೆ ಅಂತ ಗೊತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಂಬಲಿ ಮಾಡಿ ಮಜ್ಜಿಗೆ ಹಾಕಿ ಕೊಡಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ, ಗೋಡೆಗೆ ಹಿಡಿಕೆ ಹಾಕಿಸಿ. ಹಲ್ಲು ಕೀಳಿಸುವುದಿದ್ದರೆ ದಂತ ವೈದ್ಯರಿಗೆ ಅಲೆಂಡ್ರೊನೇಟ್ ತಗೊಳ್ಳುತ್ತಿರುವುದನ್ನು ಮೊದಲೇ ಹೇಳಿ.

ಸುಮಾ, ಶಿರಸಿ

ಬರೆದಿಟ್ಟುಕೊಂಡೆ ಗೀತಕ್ಕ. ಹಲ್ಲು ಒಂದು ಅಲುಗಾಡುತ್ತಿದೆ, ಹಾಗಾದರೆ ಅಲೆಂಡ್ರೊನೇಟ್ ಶುರು ಮಾಡುವ ಮೊದಲೇ ತೋರಿಸಿಬಿಡುತ್ತೇನೆ.